ತಟ್ಟೆಯ ಹಾಡಿಗೆ ತಂತಿಯಿಲ್ಲದ ದಾರಿ

ಹಾನಗಲ್ಲಿನ ಹೆಸರನ್ನು ನಾಡಿನಾಚೆಗೆ ಒಯ್ದದ್ದು ಒಂದು ಕಂಠ. ಗಂಗೂಬಾಯಿ ಹಾನಗಲ್ 1913ರ ಮಾರ್ಚ್ 5ರಂದು ಹುಟ್ಟಿದ್ದು ಧಾರವಾಡದಲ್ಲಿ, ಬಾಳಿದ್ದು ಹುಬ್ಬಳ್ಳಿಯಲ್ಲಿ, ಕಲಿತದ್ದು ಕುಂದಗೋಳದ ಸವಾಯಿ ಗಂಧರ್ವರ ಬಳಿ. ಆದರೂ ಹೆಸರಿನೊಂದಿಗೆ ಕೊನೆಯವರೆಗೂ ಉಳಿದದ್ದು ಮನೆತನದ ಊರೇ. 2009ರ ಜುಲೈ 21ರಂದು ಅವರು ತೀರಿಕೊಂಡಾಗ ದೇಶದ ಪತ್ರಿಕೆಗಳು ಹಾನಗಲ್ ಎಂಬ ಶಬ್ದವನ್ನು ಅಚ್ಚುಹಾಕಿದವು.

ಅವರ ಹಾಡು ಮೊದಮೊದಲು ದೂರದೂರದ ಮನೆಗಳನ್ನು ತಲುಪಿದ್ದು 1930ರ ದಶಕದ ಗ್ರಾಮಫೋನ್ ತಟ್ಟೆಗಳ ಮೂಲಕ. ಆಗ ತಟ್ಟೆಯ ಮೇಲಿದ್ದ ಹೆಸರು ಗಾಂಧಾರಿ. ಆ ತಟ್ಟೆಗಳಲ್ಲಿ ಕೇಳುವ ದನಿ ತೆಳು, ಎತ್ತರದ ಹೆಣ್ಣು ದನಿ. ಇಂದಿನವರಿಗೆ ಗೊತ್ತಿರುವುದು ಗಂಡುದನಿಯೆಂದು ಭ್ರಮೆ ಹುಟ್ಟಿಸುವ ತುಂಬುಕಂಠದ ಗಂಗೂಬಾಯಿ. ಗಂಟಲಿನ ಚಿಕಿತ್ಸೆಯ ನಂತರ ಅವರ ಧ್ವನಿ ಹೀಗೆ ಬದಲಾಯಿತು. ಅವರು ಅದನ್ನೇ ತಮ್ಮ ಗಾಯನದ ಬಲವಾಗಿಸಿಕೊಂಡರು. ಚಿಕಿತ್ಸೆಗೆ ಮುಂಚಿನ ಆ ದನಿ ಹೇಗಿತ್ತು ಎಂಬುದಕ್ಕೆ ಈಗ ಇರುವ ಸಾಕ್ಷಿ ಅರಗಿನ ಆ ಕಪ್ಪು ತಟ್ಟೆಗಳು ಮಾತ್ರ.

ಇಂಥ ತಟ್ಟೆಗಳು ಹಾವೇರಿ, ಧಾರವಾಡ, ಗದಗ ಸೀಮೆಯ ಎಷ್ಟೋ ಮನೆಗಳ ಅಟ್ಟದಲ್ಲಿ ಇನ್ನೂ ಕುಳಿತಿವೆ. ಕೆಲವು ಗುಜರಿ ಸೇರಿವೆ, ಕೆಲವು ಗೋಡೆ ಗಡಿಯಾರಗಳಾಗಿವೆ. ಅಜ್ಜನ ಪೆಟ್ಟಿಗೆ ಕೆಟ್ಟಿದೆ, ರಿಪೇರಿ ಮಾಡುವವರಿಲ್ಲ ಎಂಬುದು ಸಾಮಾನ್ಯ ಕಾರಣ. ಅದೇ ಮನೆಯ ನಡುಕೋಣೆಯಲ್ಲಿ ಮಕ್ಕಳ ಮೊಬೈಲ್ ಫೋನಿಗೆ ಜೋಡಿಸಿದ ಬ್ಲೂಟೂತ್ ಸ್ಪೀಕರ್ ಕೂಗುತ್ತಿರುತ್ತದೆ. ಅಟ್ಟದ ತಟ್ಟೆಗೂ ನಡುಕೋಣೆಯ ಸ್ಪೀಕರಿಗೂ ಸಂಬಂಧ ಕಲ್ಪಿಸಬಹುದೇ? ಖಂಡಿತ ಸಾಧ್ಯ. ಆದರೆ ನಡುವೆ ಒಂದೆರಡು ಮೆಟ್ಟಿಲುಗಳಿವೆ. ಅವುಗಳಲ್ಲಿ ಒಂದನ್ನು ತಪ್ಪಿಸಿದರೆ ಹಾಡು ಕೇಳುವುದಿಲ್ಲ; ಇನ್ನೊಂದನ್ನು ತಪ್ಪಿಸಿದರೆ ತಟ್ಟೆಯೇ ಹಾಳಾಗುತ್ತದೆ.

ಕೇಳಿ ಕಲಿತವರ ನಾಡು

ಈ ಸೀಮೆಯಲ್ಲಿ ಧ್ವನಿಮುದ್ರಿಕೆ ಬರೀ ಮನರಂಜನೆಯ ಸಾಮಾನಾಗಿರಲಿಲ್ಲ. ರೋಣದ ಹುಡುಗ ಭೀಮಸೇನ ಜೋಶಿ 1933ರಲ್ಲಿ ಗುರುವನ್ನು ಹುಡುಕಿಕೊಂಡು ಮನೆ ಬಿಟ್ಟು ಹೊರಟ. ಅವನಿಗೆ ಆಗ ಹನ್ನೊಂದು ವರ್ಷ. ಅವನೊಳಗೆ ಕಿಚ್ಚು ಹೊತ್ತಿಸಿದ್ದು ಅಬ್ದುಲ್ ಕರೀಂ ಖಾನರ ಝಿಂಝೋಟಿ ಠುಮ್ರಿಯ ತಟ್ಟೆ. ಆ ಖಾನ್ ಸಾಹೇಬರ ಶಿಷ್ಯರೇ ಸವಾಯಿ ಗಂಧರ್ವರು. ಮುಂದೆ ಭೀಮಸೇನರೂ ಗಂಗೂಬಾಯಿಯವರೂ ಕುಂದಗೋಳದ ಒಂದೇ ಗುರುವಿನ ಮುಂದೆ ಕುಳಿತು ಕಲಿತರು.

ಹಾನಗಲ್ ತಾಲ್ಲೂಕಿನ ಮತ್ತಿಬ್ಬರನ್ನೂ ಇಲ್ಲಿ ನೆನೆಯಬೇಕು. 1892ರಲ್ಲಿ ಕಾಡಶೆಟ್ಟಿಹಳ್ಳಿಯಲ್ಲಿ ಹುಟ್ಟಿದ ಪಂಚಾಕ್ಷರಿ ಗವಾಯಿಗಳು, 1914ರಲ್ಲಿ ದೇವಗಿರಿಯಲ್ಲಿ ಹುಟ್ಟಿದ ಪುಟ್ಟರಾಜ ಗವಾಯಿಗಳು. ಇಬ್ಬರಿಗೂ ಕಣ್ಣಿರಲಿಲ್ಲ. ಹಾನಗಲ್ ಕುಮಾರ ಶಿವಯೋಗಿಗಳ ಆಸರೆಯಿಂದ ಬೆಳೆದ ಪಂಚಾಕ್ಷರಿ ಗವಾಯಿಗಳು, ಅವರ ನಂತರ ಪುಟ್ಟರಾಜ ಗವಾಯಿಗಳು ಗದುಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ನೂರಾರು ಮಕ್ಕಳಿಗೆ ವಿದ್ಯೆ ಕೊಟ್ಟರು. ಅವರಲ್ಲಿ ಅಂಧ ಮಕ್ಕಳು ಬಹಳ. ಕಿವಿಯೇ ಪುಸ್ತಕ, ಕಿವಿಯೇ ಪಾಟಿ. ಹೀಗಿರುವ ಪರಂಪರೆಯಲ್ಲಿ ಹಳೆಯ ದನಿಯೊಂದು ಸರಿಯಾಗಿ ಕೇಳುವುದು ಅಲಂಕಾರದ ಮಾತಲ್ಲ, ಪಾಠದ ಮಾತು.

ಭಾರತದಲ್ಲಿ ಧ್ವನಿಮುದ್ರಣದ ಕಥೆ ಶುರುವಾಗುವುದು 1902ರ ನವೆಂಬರಿನಲ್ಲಿ, ಕಲಕತ್ತೆಯಲ್ಲಿ. ಗ್ರಾಮಫೋನ್ ಕಂಪನಿಯ ಫ್ರೆಡ್ ಗೈಸ್‌ಬರ್ಗ್ ಎಂಬ ತಂತ್ರಜ್ಞ ಅಲ್ಲಿ ಗೌಹರ್ ಜಾನ್ ಅವರ ಹಾಡುಗಳನ್ನು ಮುದ್ರಿಸಿಕೊಂಡ. ಅಚ್ಚುಗಳು ಜರ್ಮನಿಯ ಹ್ಯಾನೋವರಿಗೆ ಹೋಗಿ ತಟ್ಟೆಗಳಾಗಿ ಮರಳುತ್ತಿದ್ದವು. ಅಲ್ಲಿನವರಿಗೆ ಯಾರ ಹಾಡೆಂದು ತಿಳಿಯಲೆಂದು ಕಲಾವಿದರು ಹಾಡಿನ ಕೊನೆಗೆ ತಮ್ಮ ಹೆಸರನ್ನು ಕೂಗಿ ಹೇಳುವ ಪದ್ಧತಿ ಬಂತು. ಅದೇ ಗೌಹರ್ ಜಾನ್ ಕೊನೆಗಾಲದಲ್ಲಿ ಮೈಸೂರು ಅರಮನೆಯ ಆಶ್ರಯಕ್ಕೆ ಬಂದು, 1930ರ ಜನವರಿಯಲ್ಲಿ ಮೈಸೂರಿನಲ್ಲೇ ತೀರಿಕೊಂಡರು.

ಗೆರೆಯಲ್ಲಿ ಅಡಗಿದ ದನಿ

ತಟ್ಟೆಯ ಮೇಲೆ ಹೊರ ಅಂಚಿನಿಂದ ಒಳಗಿನವರೆಗೆ ಸುರುಳಿಯಾಗಿ ಒಂದೇ ಒಂದು ಗೆರೆ ಕೊರೆದಿರುತ್ತದೆ. ನೋಡಲು ನೂರಾರು ಉಂಗುರಗಳಂತೆ ಕಂಡರೂ ಅದು ಒಂದೇ ದಾರಿ. ಆ ದಾರಿ ನೆಟ್ಟಗಿಲ್ಲ. ಹಾಡಿನ ಅಲೆಗೆ ತಕ್ಕಂತೆ ಅತ್ತಿತ್ತ ವಾಲುತ್ತದೆ. ಸೂಜಿ ಅದರಲ್ಲಿ ನಡೆಯುವಾಗ ತಾನೂ ವಾಲುತ್ತದೆ. ಆ ಅಲುಗಾಟವೇ ಹಾಡು.

ಕೀಲಿ ಕೊಡುವ ಹಳೆಯ ಪೆಟ್ಟಿಗೆಯಲ್ಲಿ ಸೂಜಿಯ ಅಲುಗಾಟ ನೇರವಾಗಿ ತೆಳುವಾದ ಪೊರೆಯೊಂದನ್ನು ನಡುಗಿಸಿ, ಕಹಳೆಯ ಮೂಲಕ ದೊಡ್ಡದಾಗಿ ಕೇಳಿಸುತ್ತಿತ್ತು. ವಿದ್ಯುತ್ತಿನ ಮಾತೇ ಇರಲಿಲ್ಲ. ಈಗಿನ ಟರ್ನ್‌ಟೇಬಲ್ಲಿನಲ್ಲಿ ಹಾಗಲ್ಲ. ಸೂಜಿಯ ಇನ್ನೊಂದು ತುದಿಯಲ್ಲಿ ಪುಟ್ಟ ಅಯಸ್ಕಾಂತವಿದೆ. ಅದರ ಪಕ್ಕದಲ್ಲಿ ತಂತಿಯ ಸುರುಳಿಯಿದೆ. ಅಯಸ್ಕಾಂತ ಅಲುಗಿದಾಗ ಸುರುಳಿಯಲ್ಲಿ ವಿದ್ಯುತ್ತು ಹುಟ್ಟುತ್ತದೆ. ಇದು ಮೈಕೆಲ್ ಫ್ಯಾರಡೆ 1831ರಲ್ಲಿ ಕಂಡುಕೊಂಡ ವಿದ್ಯುತ್ಕಾಂತೀಯ ಪ್ರೇರಣೆ. ಕೆರೆಯ ಬದಿಯ ಪಂಪುಮನೆಗೆ ಕರೆಂಟು ಕೊಡುವ ದೊಡ್ಡ ಜನರೇಟರಿನ ತತ್ವವೂ ಇದೇ, ಸೂಜಿಯ ತುದಿಯ ತತ್ವವೂ ಇದೇ.

ಹೀಗೆ ಹುಟ್ಟುವ ವಿದ್ಯುತ್ತು ತೀರಾ ಅಲ್ಪ: ಸುಮಾರು 3ರಿಂದ 5 ಮಿಲಿವೋಲ್ಟ್. ಟಿವಿ, ಸಿಡಿ ಪ್ಲೇಯರ್ ಮುಂತಾದವು ಸ್ಪೀಕರಿಗೆ ಕಳಿಸುವ ಸಂಕೇತ ಒಂದು ವೋಲ್ಟಿನ ಮೂರನೇ ಒಂದು ಭಾಗದಷ್ಟು ಅಥವಾ ಇನ್ನೂ ಹೆಚ್ಚು ಇರುತ್ತದೆ. ಎಂದರೆ ಸೂಜಿಯಿಂದ ಬರುವುದನ್ನು ಸುಮಾರು ನೂರು ಪಟ್ಟು ಹಿಗ್ಗಿಸದೆ ಸ್ಪೀಕರಿಗೆ ಕೊಟ್ಟರೆ ಪಿಸುಮಾತೂ ಕೇಳಿಸದು.

ತಗ್ಗಿಸಿ ಬರೆದದ್ದು, ಹೆಚ್ಚಿಸಿ ಓದಬೇಕು

ಬರೀ ಹಿಗ್ಗಿಸಿದರೆ ಸಾಲದು. ಮಂದ್ರದ ಸ್ವರಗಳು ಗೆರೆಯನ್ನು ಬಹಳ ಅಗಲಕ್ಕೆ ವಾಲಿಸುತ್ತವೆ. ಅವನ್ನು ಇದ್ದ ಹಾಗೇ ಕೊರೆದರೆ ಪಕ್ಕದ ಗೆರೆಗೆ ತಾಗುತ್ತದೆ, ತಟ್ಟೆಯಲ್ಲಿ ಜಾಗವೂ ಸಾಲದು. ತಾರದ ಸ್ವರಗಳೋ ಸೂಜಿಯ ಚರಚರ ಸದ್ದಿನಲ್ಲಿ ಮುಚ್ಚಿಹೋಗುತ್ತವೆ. ಅದಕ್ಕೆ ಕೊರೆಯುವಾಗಲೇ ಮಂದ್ರವನ್ನು ತಗ್ಗಿಸಿ ತಾರವನ್ನು ಏರಿಸುತ್ತಾರೆ. ಕೇಳುವಾಗ ಅದಕ್ಕೆ ಸರಿಯಾಗಿ ತಿರುಗು ಕ್ರಿಯೆ ನಡೆಯಬೇಕು. ಮಂದ್ರವನ್ನು ಏರಿಸಬೇಕು, ತಾರವನ್ನು ಇಳಿಸಬೇಕು.

ಮೊದಲು ಪ್ರತಿ ಕಂಪನಿಗೂ ಅದರದೇ ಲೆಕ್ಕವಿತ್ತು. 1954ರಲ್ಲಿ ಅಮೆರಿಕೆಯ ಧ್ವನಿಮುದ್ರಣ ಉದ್ಯಮದ ಸಂಘ ಒಂದು ಅಳತೆಯನ್ನು ಗೊತ್ತುಮಾಡಿತು. ಆರ್‌ಐಎಎ ಎಂದು ಹೆಸರಾದ ಆ ಅಳತೆಯನ್ನೇ ನಂತರ ಜಗತ್ತು ಒಪ್ಪಿಕೊಂಡಿತು. ಹಿಗ್ಗಿಸುವುದು ಮತ್ತು ಈ ತಿದ್ದುಪಡಿ, ಎರಡನ್ನೂ ಮಾಡುವ ಪುಟ್ಟ ಪೆಟ್ಟಿಗೆಯ ಹೆಸರು ಫೋನೋ ಪ್ರೀ-ಆಂಪ್ಲಿಫಯರ್. ಬಳಕೆಯಲ್ಲಿ ಫೋನೋ ಪ್ರೀಆಂಪ್. ಅಟ್ಟದ ತಟ್ಟೆಗೂ ನಡುಕೋಣೆಯ ಸ್ಪೀಕರಿಗೂ ನಡುವೆ ತಪ್ಪಿಸಲಾಗದ ಮೆಟ್ಟಿಲು ಇದು.

ಇದು ಇಲ್ಲದಿದ್ದರೆ ಹಾಡು ಸಣ್ಣಗೆ, ತಗಡಿನ ಡಬ್ಬಿಯೊಳಗಿಂದ ಬಂದಂತೆ ಕೇಳುತ್ತದೆ. ಎರಡೆರಡು ಸಲ ಆದರೆ, ಅಂದರೆ ಟರ್ನ್‌ಟೇಬಲ್ಲಿನ ಒಳಗೂ ಒಂದು ಇದ್ದು ಹೊರಗೂ ಒಂದನ್ನು ಜೋಡಿಸಿದರೆ, ಗುಡುಗಿನಂತೆ ಗದ್ದಲವಾಗಿ ಒಡಕಲಾಗಿ ಕೇಳುತ್ತದೆ. ಈಚಿನ ಎಷ್ಟೋ ಟರ್ನ್‌ಟೇಬಲ್ಲುಗಳಲ್ಲಿ ಪ್ರೀಆಂಪ್ ಒಳಗೇ ಇದ್ದು, ಹಿಂಬದಿಯಲ್ಲಿ 'ಫೋನೋ', 'ಲೈನ್' ಎಂಬ ಎರಡು ಗುರುತಿನ ಗುಂಡಿ ಇರುತ್ತದೆ. ಗುಂಡಿ ಲೈನ್ ಕಡೆಗಿದ್ದರೆ ಒಳಗಿನ ಪ್ರೀಆಂಪ್ ಕೆಲಸ ಮಾಡುತ್ತಿದೆ ಎಂದರ್ಥ. ಕೊಳ್ಳುವ ಮುನ್ನ ಈ ಗುಂಡಿ ಇದೆಯೇ ಎಂದು ನೋಡಿಕೊಳ್ಳುವುದು ಜಾಣತನ.

ಅಜ್ಜನ ಕಾಲದ, ಕರೆಂಟಿನಿಂದ ಓಡುವ ಸೂಟ್‌ಕೇಸ್ ಮಾದರಿಯ ಪ್ಲೇಯರುಗಳದು ಬೇರೆ ಜಾತಿ. ಅವುಗಳಲ್ಲಿ ಅಯಸ್ಕಾಂತದ ಬದಲು ಸೆರಾಮಿಕ್ ಅಥವಾ ಹರಳಿನ ತುಣುಕು ಇರುತ್ತದೆ. ಅದು ಒತ್ತಡಕ್ಕೆ ಸಿಕ್ಕಾಗ ತಾನೇ ನೂರಾರು ಮಿಲಿವೋಲ್ಟ್ ಹುಟ್ಟಿಸುತ್ತದೆ. ಅದಕ್ಕೆ ಫೋನೋ ಪ್ರೀಆಂಪ್ ಬೇಕಿಲ್ಲ.

ನಾಲ್ಕು ದಾರಿಗಳು

ಮೊದಲನೆಯದು ಅತಿ ಸರಳ. ಬ್ಲೂಟೂತ್ ಕಳಿಸುವ ಸೌಲಭ್ಯ ಒಳಗೇ ಇರುವ ಟರ್ನ್‌ಟೇಬಲ್. ಸೋನಿ, ಆಡಿಯೋ-ಟೆಕ್ನಿಕಾ ಮೊದಲಾದ ಕಂಪನಿಗಳು ಇಂಥವನ್ನು ಮಾಡಿವೆ. ಟರ್ನ್‌ಟೇಬಲ್ಲಿನ ಜೋಡಣೆಯ ಗುಂಡಿಯನ್ನು ಒತ್ತಿ ಹಿಡಿದು, ಸ್ಪೀಕರನ್ನೂ ಜೋಡಣೆಯ ಸ್ಥಿತಿಗೆ ತಂದು, ಎರಡನ್ನೂ ಹತ್ತಿರ ಇಟ್ಟರೆ ಒಂದನ್ನೊಂದು ಹುಡುಕಿಕೊಳ್ಳುತ್ತವೆ. ಟರ್ನ್‌ಟೇಬಲ್ಲಿಗೆ ಪರದೆ ಇಲ್ಲವಾದ್ದರಿಂದ ಅದು ಯಾವ ಸ್ಪೀಕರನ್ನು ಹಿಡಿಯಬೇಕೆಂದು ಆರಿಸಲು ಬರುವುದಿಲ್ಲ. ಆದ್ದರಿಂದ ಆ ಹೊತ್ತಿಗೆ ಮನೆಯ ಬೇರೆ ಸ್ಪೀಕರುಗಳನ್ನೂ, ಸ್ಪೀಕರಿಗೆ ಮೊದಲೇ ಅಂಟಿಕೊಂಡಿರುವ ಮೊಬೈಲ್ ಫೋನಿನ ಬ್ಲೂಟೂತನ್ನೂ ಆರಿಸಿಡಬೇಕು. ಜೋಡಣೆಯಾಗದಿರಲು ಬಹಳ ಸಲ ಕಾರಣ ಫೋನು ಸ್ಪೀಕರನ್ನು ಬಿಟ್ಟುಕೊಡದಿರುವುದೇ.

ಎರಡನೆಯದು, ಟರ್ನ್‌ಟೇಬಲ್ಲಿನಲ್ಲಿ ಬ್ಲೂಟೂತ್ ಇಲ್ಲದಿದ್ದಾಗ. ಟರ್ನ್‌ಟೇಬಲ್ಲಿನಿಂದ ಕೆಂಪು, ಬಿಳಿ ತುದಿಯ ತಂತಿಗಳು ಫೋನೋ ಪ್ರೀಆಂಪಿಗೆ. ಅಲ್ಲಿಂದ ಒಂದು ಬ್ಲೂಟೂತ್ ಟ್ರಾನ್ಸ್‌ಮಿಟರಿಗೆ. ಅಲ್ಲಿಂದ ಗಾಳಿಯಲ್ಲಿ ಸ್ಪೀಕರಿಗೆ. ಅಂಗಡಿಯಲ್ಲಿ ಟ್ರಾನ್ಸ್‌ಮಿಟರನ್ನೇ ಕೇಳಿ ಪಡೆಯಬೇಕು. ರಿಸೀವರ್ ಎಂಬುದೂ ನೋಡಲು ಹಾಗೇ ಇರುತ್ತದೆ, ಆದರೆ ಅದು ಪಡೆಯುವುದೇ ಹೊರತು ಕಳಿಸುವುದಿಲ್ಲ.

ಮೂರನೆಯದು, ಮನೆಯ ಹಲವು ಕೋಣೆಗಳಲ್ಲಿ ವೈ-ಫೈ ಮೂಲಕ ಒಟ್ಟಿಗೆ ಹಾಡುವ ಸ್ಪೀಕರುಗಳ ವ್ಯವಸ್ಥೆ. ಸೋನೋಸ್ ಅಂಥದಕ್ಕೆ ಹೆಸರಾದ ಕಂಪನಿ. ಇಂಥ ವ್ಯವಸ್ಥೆಯಲ್ಲಿ ಎಲ್ಲ ಸ್ಪೀಕರುಗಳಿಗೂ ತಂತಿ ಸೇರಿಸುವ ಕಿಂಡಿ ಇರುವುದಿಲ್ಲ. ಯಾವುದಾದರೂ ಒಂದರಲ್ಲಿ 'ಲೈನ್-ಇನ್' ಕಿಂಡಿ ಇದ್ದರೆ ಸಾಕು. 2020ರಲ್ಲಿ ಬಂದ ಸೋನೋಸ್ ಫೈವ್‌ನಲ್ಲಿ ಅದು ಇದೆ. 2023ರಲ್ಲಿ ಬಂದ ಎರಾ 100ಕ್ಕೆ ಪ್ರತ್ಯೇಕ ಕೊಂಡಿಯೊಂದನ್ನು ಕೊಂಡು ಸೇರಿಸಬೇಕು. ಟರ್ನ್‌ಟೇಬಲ್, ಪ್ರೀಆಂಪ್, ಲೈನ್-ಇನ್ ಇರುವ ಸ್ಪೀಕರ್ ಇಷ್ಟು ತಂತಿಯಿಂದ ಕೂಡುತ್ತವೆ. ಆ ಸ್ಪೀಕರ್ ಹಾಡನ್ನು ಅಂಕಿಗಳಾಗಿ ಮಾಡಿ ಉಳಿದ ಕೋಣೆಗಳಿಗೆ ಹಂಚುತ್ತದೆ.

ನಾಲ್ಕನೆಯದು, ಎಲ್ಲಕ್ಕಿಂತ ಅಗ್ಗದ್ದು, ಎಲ್ಲರೂ ಮರೆಯುವುದು. ಎಷ್ಟೋ ಬ್ಲೂಟೂತ್ ಸ್ಪೀಕರುಗಳ ಹಿಂದೆ 'ಆಕ್ಸ್' ಎಂಬ 3.5 ಮಿಲಿಮೀಟರಿನ ಕಿಂಡಿ ಇರುತ್ತದೆ. ಪ್ರೀಆಂಪಿನಿಂದ ಒಂದು ತಂತಿ ಎಳೆದು ಅದಕ್ಕೆ ಚುಚ್ಚಿದರೆ ಮುಗಿಯಿತು. ಟ್ರಾನ್ಸ್‌ಮಿಟರ್ ಬೇಡ, ಜೋಡಣೆಯ ತಾಪತ್ರಯ ಬೇಡ, ಧ್ವನಿಯಲ್ಲಿ ನಷ್ಟವೂ ಇಲ್ಲ. ಟರ್ನ್‌ಟೇಬಲ್ ಮತ್ತು ಸ್ಪೀಕರ್ ಒಂದೇ ಕೋಣೆಯಲ್ಲಿರುವುದಾದರೆ ಹೆಚ್ಚಿನ ಮನೆಗಳಿಗೆ ಇದೇ ಸಾಕು. ಮಕ್ಕಳು ಕೇಳಿದರೆಂದು ಹೊಸದನ್ನು ಕೊಳ್ಳಲು ಹೊರಡುವ ಮುನ್ನ ಪೋಷಕರು ಮನೆಯಲ್ಲಿರುವ ಸ್ಪೀಕರಿನ ಬೆನ್ನನ್ನು ಒಮ್ಮೆ ತಿರುಗಿಸಿ ನೋಡುವುದು ಒಳ್ಳೆಯದು.

ಇಲ್ಲೊಂದು ಎಚ್ಚರಿಕೆಯ ಮಾತು. ಅಂದದ ಸೂಟ್‌ಕೇಸಿನಲ್ಲಿ ಬರುವ ಅಗ್ಗದ ಹೊಸ ಪ್ಲೇಯರುಗಳ ಡಬ್ಬಿಯ ಮೇಲೆ ಬ್ಲೂಟೂತ್ ಎಂದು ದೊಡ್ಡದಾಗಿ ಬರೆದಿರುತ್ತದೆ. ಅವುಗಳಲ್ಲಿ ಎಷ್ಟೋ ಮಾದರಿಗಳು ಬ್ಲೂಟೂತನ್ನು ಪಡೆಯಬಲ್ಲವು, ಕಳಿಸಲಾರವು. ಫೋನಿನ ಹಾಡು ಆ ಪೆಟ್ಟಿಗೆಯಲ್ಲಿ ಕೇಳುತ್ತದೆ. ತಟ್ಟೆಯ ಹಾಡು ಹೊರಗಿನ ಸ್ಪೀಕರಿಗೆ ಹೋಗುವುದಿಲ್ಲ. ಕೊಳ್ಳುವಾಗ ಕೇಳಬೇಕಾದ ಪ್ರಶ್ನೆ ಬ್ಲೂಟೂತ್ ಇದೆಯೇ ಎಂಬುದಲ್ಲ, ಅದು ಒಳಗೆ ಬರುತ್ತದೆಯೋ ಹೊರಗೆ ಹೋಗುತ್ತದೆಯೋ ಎಂಬುದು.

ಗಾಳಿಯಲ್ಲಿ ಏನು ಕಳೆಯುತ್ತದೆ?

ತಟ್ಟೆಯ ಗೆರೆ ಎಲ್ಲೂ ಕಡಿಯದ ಅಲೆ. ಅದನ್ನು ನಿಸ್ತಂತುವಾಗಿ ಕಳಿಸಲು ಅಂಕಿಗಳಾಗಿ ಕತ್ತರಿಸಬೇಕು. ಸಿಡಿಯ ಲೆಕ್ಕದಲ್ಲಿ ಒಂದು ಸೆಕೆಂಡಿಗೆ 44,100 ಸಲ ಅಲೆಯ ಎತ್ತರವನ್ನು ಅಳೆದು, ಪ್ರತಿ ಅಳತೆಯನ್ನೂ 16 ಬಿಟ್‌ಗಳಲ್ಲಿ ಬರೆಯುತ್ತಾರೆ. ಎಡ, ಬಲ ಎರಡು ಕಿವಿಗೆ ಸೇರಿ ಸೆಕೆಂಡಿಗೆ 14,11,200 ಬಿಟ್‌ಗಳು. ಸಾಮಾನ್ಯ ಬ್ಲೂಟೂತಿನಲ್ಲಿ ಎಲ್ಲ ಸಾಧನಗಳಿಗೂ ಗೊತ್ತಿರುವ ಎಸ್‌ಬಿಸಿ ಎಂಬ ವಿಧಾನ ಒಳ್ಳೆಯ ಸ್ಥಿತಿಯಲ್ಲಿ ಸೆಕೆಂಡಿಗೆ ಸುಮಾರು 3,28,000 ಬಿಟ್‌ಗಳನ್ನು ಒಯ್ಯುತ್ತದೆ. ಅಂದರೆ ನಾಲ್ಕರಲ್ಲಿ ಒಂದು ಪಾಲಿಗಿಂತಲೂ ಕೊಂಚ ಕಡಿಮೆ. ಉಳಿದದ್ದನ್ನು ಕಿವಿ ಗಮನಿಸಲಾರದು ಎಂಬ ಲೆಕ್ಕಾಚಾರದ ಮೇಲೆ ಬಿಟ್ಟುಬಿಡುತ್ತಾರೆ. ವೈ-ಫೈ ದಾರಿ ಅಗಲವಾದದ್ದು. ಅಲ್ಲಿ ಕತ್ತರಿ ಹಾಕದೆಯೂ ಕಳಿಸಬಹುದು.

ಹಳೆಯ 78ರ ತಟ್ಟೆಯ ಮಟ್ಟಿಗೆ ಈ ನಷ್ಟ ದೊಡ್ಡದಲ್ಲ. ಅದರಲ್ಲಿ ಎಡ, ಬಲ ಎಂಬ ಭೇದವೇ ಇಲ್ಲ. ಸ್ಟೀರಿಯೋ ತಟ್ಟೆ ಬಂದದ್ದು 1950ರ ದಶಕದ ಕೊನೆಗೆ. ಆದ್ದರಿಂದ ಒಂದೇ ಸ್ಪೀಕರ್ ಸಾಕು. ಅಷ್ಟೇ ಅಲ್ಲ, ಎರಡು ಬದಿಯ ಸಂಕೇತವನ್ನೂ ಕೂಡಿಸಿ ಒಂದು ಮಾಡಿದಾಗ ಸೂಜಿಯ ಮೇಲೆ-ಕೆಳಗಿನ ಕುಣಿತದಿಂದ ಹುಟ್ಟುವ ಸದ್ದು ಒಂದನ್ನೊಂದು ಅಳಿಸಿಕೊಂಡು ಹಾಡು ಇನ್ನಷ್ಟು ತಿಳಿಯಾಗುತ್ತದೆ.

ಬ್ಲೂಟೂತಿನಲ್ಲಿ ಹಾಡು ಸೂಜಿಯ ಹಿಂದೆ ಕೊಂಚ ತಡವಾಗಿ ಬರುತ್ತದೆ. ಈ ತಡ ಸಾಮಾನ್ಯವಾಗಿ ಸೆಕೆಂಡಿನ ಹತ್ತನೇ ಒಂದರಿಂದ ನಾಲ್ಕನೇ ಒಂದು ಭಾಗ. ಕೇಳಲಷ್ಟೇ ಆದರೆ ಇದು ಲೆಕ್ಕಕ್ಕಿಲ್ಲ. ತಟ್ಟೆಯ ಜೊತೆಗೆ ಹಾಡಿಕೊಂಡು ಅಭ್ಯಾಸ ಮಾಡುವವರಿಗೂ ತೊಂದರೆಯಿಲ್ಲ. ಆದರೆ ತಮ್ಮ ದನಿಯನ್ನೂ ಮೈಕಿನ ಮೂಲಕ ಅದೇ ಬ್ಲೂಟೂತ್ ಸ್ಪೀಕರಿಗೆ ಕೊಟ್ಟು ಹಾಡುವವರಿಗೆ ತಾಳ ತಪ್ಪುವುದು ಖಂಡಿತ. ಅಭ್ಯಾಸಕ್ಕೆ ತಂತಿಯೇ ಲೇಸು.

ಇನ್ನು ದೂರ. ಮನೆಬಳಕೆಯ ಬ್ಲೂಟೂತ್ 2.4 ಗಿಗಾಹರ್ಟ್ಸ್ ಅಲೆಯಲ್ಲಿ ಸುಮಾರು 10 ಮೀಟರ್ ಹೋಗುತ್ತದೆ. ಹಳೆಯ ಮನೆಗಳ ದಪ್ಪ ಮಣ್ಣಿನ ಗೋಡೆ, ಕಲ್ಲಿನ ಗೋಡೆ ಅದನ್ನು ಇನ್ನೂ ಮೊಟಕು ಮಾಡುತ್ತವೆ. ಹಾಡು ಕಡಿಕಡಿದು ಬರುತ್ತಿದ್ದರೆ ಸ್ಪೀಕರ್ ಕೆಟ್ಟಿದೆ ಎಂದು ತಿಳಿಯುವ ಮುನ್ನ ಅದನ್ನು ಬಾಗಿಲಿನ ನೇರಕ್ಕೆ ತಂದು ನೋಡಬೇಕು.

ಸೂಜಿ ತಪ್ಪಿದರೆ ತಟ್ಟೆ ಹೋಯಿತು

ತಂತಿ ತಪ್ಪಾಗಿ ಜೋಡಿಸಿದರೆ ಮತ್ತೆ ಸರಿಮಾಡಬಹುದು. ಸೂಜಿಯ ತಪ್ಪು ಹಾಗಲ್ಲ.

78ರ ತಟ್ಟೆಯ ಗೆರೆ ಅಗಲ, ಎಲ್‌ಪಿಯ ಗೆರೆ ಕಿರಿದು. ಎಲ್‌ಪಿಯ ಸೂಜಿಯ ತುದಿಯ ತ್ರಿಜ್ಯ ಸುಮಾರು 18 ಮೈಕ್ರಾನ್. 78ರ ಸೂಜಿಯದು ಸುಮಾರು 70 ಮೈಕ್ರಾನ್, ನಾಲ್ಕು ಪಟ್ಟು ದಪ್ಪ. ಎಲ್‌ಪಿಯ ಸೂಜಿಯನ್ನು 78ರ ಮೇಲೆ ಇಟ್ಟರೆ ಅದು ಗೆರೆಯ ಗೋಡೆಗಳನ್ನು ಮುಟ್ಟದೆ ತಳದ ಧೂಳು, ಕಸದಲ್ಲಿ ಹೊರಳಾಡುತ್ತದೆ. ಹಾಡಿಗಿಂತ ಚರಚರ ಸದ್ದೇ ಹೆಚ್ಚು, ಸೂಜಿಯೂ ಸವೆಯುತ್ತದೆ. 78ರ ಸೂಜಿಯನ್ನು ಎಲ್‌ಪಿಯ ಮೇಲೆ ಇಟ್ಟರಂತೂ ಕಿರಿದಾದ ಗೆರೆ ಉಜ್ಜಿಹೋಗುತ್ತದೆ. ಹಾಡು ಮತ್ತೆ ಬಾರದು.

ಬ್ಲೂಟೂತ್ ಇರುವ ಹೊಸ ಟರ್ನ್‌ಟೇಬಲ್ಲುಗಳಲ್ಲಿ ಹಲವು 33⅓ ಮತ್ತು 45ರ ವೇಗದಲ್ಲಿ ಮಾತ್ರ ತಿರುಗುತ್ತವೆ. ಸೋನಿಯ ಪಿಎಸ್-ಎಲ್‌ಎಕ್ಸ್310ಬಿಟಿ ಹಾಗೂ ಆಡಿಯೋ-ಟೆಕ್ನಿಕಾದ ಎಲ್‌ಪಿ60 ಮಾದರಿ ಇಂಥವೇ. ಮನೆಯಲ್ಲಿರುವುದು ಅರಗಿನ ತಟ್ಟೆಗಳಾದರೆ ಇವು ಉಪಯೋಗಕ್ಕಿಲ್ಲ. 78ರ ವೇಗವೂ ಇರಬೇಕು, ಸೂಜಿಯನ್ನು ಬದಲಿಸಲೂ ಬರಬೇಕು. ಅದೇ ಕಂಪನಿಯ ಎಲ್‌ಪಿ120 ಮಾದರಿಯಲ್ಲಿ 78ರ ವೇಗ ಇದೆ.

ಅಟ್ಟದಿಂದ ತೆಗೆದ ಕೀಲಿ ಪೆಟ್ಟಿಗೆ ಇನ್ನೂ ತಿರುಗುತ್ತಿದೆ ಎಂದು ಹಿಗ್ಗುವವರೂ ಜೋಪಾನವಾಗಿರಬೇಕು. ಅದರ ಉಕ್ಕಿನ ಮುಳ್ಳನ್ನು ತಟ್ಟೆಯ ಒಂದು ಬದಿ ಮುಗಿದೊಡನೆ ಬದಲಿಸಬೇಕೆಂಬುದು ಆಗಿನ ನಿಯಮ. ಅದರ ತಲೆಯ ಭಾರ ನೂರು ಗ್ರಾಂ ದಾಟುತ್ತದೆ. ಈಗಿನ ಸೂಜಿ ಎಲ್‌ಪಿಯ ಮೇಲೆ ಒತ್ತುವ ಭಾರ ಸುಮಾರು ಎರಡು ಗ್ರಾಂ. ಪ್ಲಾಸ್ಟಿಕ್ ಜಾತಿಯ ವಿನೈಲ್ ಎಲ್‌ಪಿಯನ್ನು ಕೀಲಿ ಪೆಟ್ಟಿಗೆಯ ಮೇಲೆ ಇಡಲೇಬಾರದು.

ತೊಳೆಯುವುದರಲ್ಲೂ ಒಂದು ಗುಟ್ಟಿದೆ. 78ರ ತಟ್ಟೆಯ ಮುಖ್ಯ ದ್ರವ್ಯ ಅರಗು. ನಮ್ಮ ಕಾಡಿನ ಮರಗಳ ಮೇಲೆ ಅರಗಿನ ಹುಳು ಸ್ರವಿಸುವ ರಾಳ ಅದು. ಬಳೆಗೂ ಬಣ್ಣಕ್ಕೂ ಬಳಸಿದ ಅದೇ ಅರಗಿಗೆ ಕಲ್ಲಿನ ಪುಡಿ, ಕಾಡಿಗೆ ಬೆರೆಸಿ ತಟ್ಟೆ ಒತ್ತುತ್ತಿದ್ದರು. ಅರಗು ಸ್ಪಿರಿಟ್‌ನಲ್ಲಿ ಕರಗುತ್ತದೆ. ಸ್ಯಾನಿಟೈಸರ್ ಅಥವಾ ಸ್ಪಿರಿಟ್ ಹಚ್ಚಿ ಒರೆಸಿದರೆ ಹಾಡು ಬಟ್ಟೆಗೆ ಬಂದುಬಿಡುತ್ತದೆ! ಶುದ್ಧ ನೀರಿಗೆ ಒಂದು ಹನಿ ಮೃದುವಾದ ಸೋಪು ಬೆರೆಸಿ, ನಡುವಿನ ಕಾಗದ ನೆನೆಯದಂತೆ, ಗೆರೆಯ ದಿಕ್ಕಿನಲ್ಲೇ ಒರೆಸಿ ಬೇಗ ಆರಿಸಬೇಕು. ತಟ್ಟೆಗಳನ್ನು ಒಂದರ ಮೇಲೊಂದು ಪೇರಿಸದೆ ಪುಸ್ತಕಗಳಂತೆ ನೆಟ್ಟಗೆ ನಿಲ್ಲಿಸಿಡಬೇಕು. ಹಂಚಿನ ಕೆಳಗಿನ ಅಟ್ಟದ ಸೆಕೆ ವಿನೈಲನ್ನು ಹಪ್ಪಳದಂತೆ ಸೊಟ್ಟಗೆ ಮಾಡುತ್ತದೆ.

ವೇಗ ಮತ್ತು ಶ್ರುತಿ

ವಿದೇಶದಲ್ಲಿರುವ ಮಗನೋ ಮಗಳೋ ಅಮೆರಿಕೆಯಿಂದ ಟರ್ನ್‌ಟೇಬಲ್ ತಂದುಕೊಡುವುದುಂಟು. ಅಲ್ಲಿನ ವಿದ್ಯುತ್ತು 120 ವೋಲ್ಟ್, ಸೆಕೆಂಡಿಗೆ 60 ಆವರ್ತ; ಇಲ್ಲಿನದು 230 ವೋಲ್ಟ್, 50 ಆವರ್ತ. ಟ್ರಾನ್ಸ್‌ಫಾರ್ಮರ್ ಹಾಕಿದರೆ ವೋಲ್ಟ್ ಸರಿಹೋಗುತ್ತದೆ, ಆವರ್ತ ಬದಲಾಗದು. ಆವರ್ತದ ಲೆಕ್ಕದಲ್ಲೇ ತಿರುಗುವ ಎಸಿ ಮೋಟಾರಿನ ಟರ್ನ್‌ಟೇಬಲ್ ಆಗಿದ್ದರೆ ಅದು ಇಲ್ಲಿ ಆರರಲ್ಲಿ ಐದು ಪಾಲು ವೇಗದಲ್ಲಿ ತಿರುಗುತ್ತದೆ. ಷಡ್ಜ ಹಾರ್ಮೋನಿಯಂನ ಮೂರು ಪಟ್ಟಿಗೂ ಕೊಂಚ ಹೆಚ್ಚು ಕೆಳಗಿಳಿಯುತ್ತದೆ. ಅಡಾಪ್ಟರಿನಿಂದ ಓಡುವ ಡಿಸಿ ಮೋಟಾರಿನ ಮಾದರಿಗಳಿಗೆ ಈ ತೊಡಕಿಲ್ಲ.

ಇದು ಬರೀ ಯಂತ್ರದ ಮಾತಲ್ಲ. ಗಾಂಧಾರಿಯ ಎತ್ತರದ ದನಿಯನ್ನು ಮೊದಲ ಸಲ ಕೇಳುವವರು ತಟ್ಟೆ ಜೋರಾಗಿ ತಿರುಗುತ್ತಿದೆ ಎಂದುಕೊಂಡು ವೇಗ ತಗ್ಗಿಸಿಬಿಡುವ ಸಂಭವ ಇದೆ. ಹಾಗೆ ಮಾಡಿದರೆ ಪರಿಚಿತವಾದ ಗಂಗೂಬಾಯಿಯ ದನಿಗೆ ಹತ್ತಿರವಾದ ಏನೋ ಒಂದು ಕೇಳೀತು. ಅದು ಇತಿಹಾಸವಲ್ಲ, ಸುಳ್ಳು. ವೇಗವನ್ನು ಕಿವಿಯಿಂದಲ್ಲ, ಗಡಿಯಾರದಿಂದ ಗೊತ್ತುಮಾಡಬೇಕು.

ವಿದ್ಯಾರ್ಥಿಗಳು ಇದನ್ನು ತಾವೇ ಮಾಡಬಹುದು. ತಟ್ಟೆಯ ಅಂಚಿನಲ್ಲಿ ಒಂದು ಚೂರು ಕಾಗದ ಇಟ್ಟು ಸುತ್ತುಗಳನ್ನು ಎಣಿಸಬೇಕು. 33⅓ರ ತಟ್ಟೆ ಮೂರು ನಿಮಿಷಕ್ಕೆ ಸರಿಯಾಗಿ 100 ಸುತ್ತು ಬರಬೇಕು. 78ರದು ಒಂದು ನಿಮಿಷಕ್ಕೆ 78. ಲೆಕ್ಕದ ಮೇಷ್ಟ್ರು ಇನ್ನೊಂದು ಪ್ರಶ್ನೆ ಕೊಡಬಹುದು: ತಟ್ಟೆಯ ನಡುವಿನಿಂದ 12 ಸೆಂಟಿಮೀಟರ್ ದೂರದಲ್ಲಿ 78ರ ಸೂಜಿಯ ಕೆಳಗೆ ಸೆಕೆಂಡಿಗೆ ಎಷ್ಟು ಗೆರೆ ಹಾಯುತ್ತದೆ? ಉತ್ತರ ಸುಮಾರು 98 ಸೆಂಟಿಮೀಟರ್, ಹೆಚ್ಚುಕಡಿಮೆ ಒಂದು ಮೀಟರ್. ಎಲ್‌ಪಿಯ ಹೊರ ಅಂಚಿನಲ್ಲಿ ಇದು ಸುಮಾರು ಅರ್ಧ ಮೀಟರ್. ಹೀಗೆ ನಿಧಾನವಾಗಿ ತಿರುಗಿ, ಕಿರಿದಾದ ಗೆರೆಯನ್ನು ಬಳಸಿದ್ದರಿಂದಲೇ 1948ರಲ್ಲಿ ಬಂದ ಎಲ್‌ಪಿ ಒಂದು ಬದಿಗೆ ಇಪ್ಪತ್ತು ನಿಮಿಷಕ್ಕೂ ಹೆಚ್ಚು ಹಾಡಿತು. 78ರ ಬದಿಗೆ ಸಿಗುತ್ತಿದ್ದದ್ದು ಮೂರು, ಮೂರೂವರೆ ನಿಮಿಷ. ಗಂಟೆಗಟ್ಟಲೆ ವಿಸ್ತರಿಸುವ ಖಯಾಲನ್ನು ಮೂರು ನಿಮಿಷಕ್ಕೆ ಹಿಡಿದುಕೊಟ್ಟ ಹಿರಿಯರ ಚಾತುರ್ಯ ಆ ತಟ್ಟೆಗಳಲ್ಲಿದೆ.

ಇನ್ನೊಂದು ಪ್ರಯೋಗ ಇನ್ನೂ ಸುಲಭ. ಸ್ಪೀಕರನ್ನು ಪೂರ್ತಿ ಆರಿಸಿ, ತಟ್ಟೆ ತಿರುಗುತ್ತಿರುವಾಗ ಸೂಜಿಯ ಹತ್ತಿರ ಕಿವಿ ಒಡ್ಡಬೇಕು. ಹಾಡು ಸಣ್ಣಗೆ, ಆದರೆ ಸ್ಪಷ್ಟವಾಗಿ ಕೇಳುತ್ತದೆ. ಹಾಡು ಇರುವುದು ಯಂತ್ರದಲ್ಲಲ್ಲ, ಗೆರೆಯಲ್ಲಿ ಎಂದು ಮಕ್ಕಳಿಗೆ ಇದಕ್ಕಿಂತ ಚೆನ್ನಾಗಿ ತಿಳಿಸುವ ಪಾಠವಿಲ್ಲ.

ಗುಂಯ್ ಸದ್ದು, ಊಳಿಡುವ ಸದ್ದು

ಜೋಡಿಸಿದ ಮೇಲೆ ಒಂದೇ ಸಮನೆ ಗುಂಯ್ ಎನ್ನುತ್ತಿದ್ದರೆ ಅದು ಮನೆಯ ವಿದ್ಯುತ್ತಿನ 50 ಆವರ್ತದ ಸದ್ದು. ಟರ್ನ್‌ಟೇಬಲ್ಲಿನಿಂದ ಬರುವ ತೆಳುವಾದ ಒಂಟಿ ತಂತಿಯನ್ನು ಪ್ರೀಆಂಪಿನ ತಿರುಪಿಗೆ ಬಿಗಿದರೆ ಸಾಮಾನ್ಯವಾಗಿ ನಿಲ್ಲುತ್ತದೆ. ಅದು ಭೂಸಂಪರ್ಕದ ತಂತಿ. ಹೆಚ್ಚಿಗೆ ಉಳಿದ ತಂತಿ ಎಂದು ಕತ್ತರಿಸಬಾರದು.

ಧ್ವನಿ ಏರಿಸಿದಂತೆ ಊಳಿಡುವ ಸದ್ದು ಬಂದರೆ ಸ್ಪೀಕರ್ ಟರ್ನ್‌ಟೇಬಲ್ ಇರುವ ಮೇಜಿನ ಮೇಲೇ ಇದೆ ಎಂದರ್ಥ. ಸ್ಪೀಕರಿನ ನಡುಕ ಮೇಜಿಗೆ, ಮೇಜಿನಿಂದ ಸೂಜಿಗೆ, ಸೂಜಿಯಿಂದ ಮತ್ತೆ ಸ್ಪೀಕರಿಗೆ ಸುತ್ತುತ್ತದೆ. ಸ್ಪೀಕರನ್ನು ಬೇರೆ ಕಡೆಗೆ ಇಡಬೇಕು. ನಿಸ್ತಂತು ಸ್ಪೀಕರಿನ ನಿಜವಾದ ಅನುಕೂಲ ಇರುವುದು ಇಲ್ಲೇ. ಟರ್ನ್‌ಟೇಬಲನ್ನು ಗಟ್ಟಿಯಾದ ಗೋಡೆಗೂಡಿನಲ್ಲಿ ಅಲುಗದಂತೆ ಇಟ್ಟು, ಸ್ಪೀಕರನ್ನು ಅಜ್ಜಿಯ ಮಂಚದ ಪಕ್ಕಕ್ಕೆ ಒಯ್ಯಬಹುದು.

ಕೇಳಿದ ಮೇಲೆ ಉಳಿಸಿ

ಪ್ರತಿ ಸಲ ಹಾಕಿದಾಗಲೂ ತಟ್ಟೆ ಒಂದಿಷ್ಟು ಸವೆಯುತ್ತದೆ. ಆದ್ದರಿಂದ ಸರಿಯಾದ ಸೂಜಿ, ಸರಿಯಾದ ವೇಗ ಸಿಕ್ಕ ದಿನವೇ ಪ್ರೀಆಂಪಿನ ತಂತಿಯನ್ನು ಅಥವಾ ಟರ್ನ್‌ಟೇಬಲ್ಲಿನ ಯುಎಸ್‌ಬಿ ತಂತಿಯನ್ನು ಕಂಪ್ಯೂಟರಿಗೆ ಕೊಟ್ಟು ಒಮ್ಮೆ ಮುದ್ರಿಸಿಕೊಳ್ಳುವುದು ವಿವೇಕ. ಎಂಪಿ3 ಬದಲು ವೇವ್ ಕಡತವಾಗಿ ಉಳಿಸಬೇಕು. 78ರ ತಟ್ಟೆಗಳು ಆರ್‌ಐಎಎ ಅಳತೆಗಿಂತ ಹಿಂದಿನವಾದರೆ ದನಿ ಕೊಂಚ ಮಂಕಾಗಿ ಕೇಳುತ್ತದೆ. ಅದನ್ನು ಆಮೇಲೆ ಕಂಪ್ಯೂಟರಿನಲ್ಲಿ ತಿದ್ದಬಹುದು. ಮೂಲ ಕಡತವನ್ನು ಮಾತ್ರ ತಿದ್ದದೆ ಇಡಬೇಕು.

ಕಡತದ ಜೊತೆಗೆ ವಿವರವೂ ಬೇಕು. ಲೇಬಲ್ಲಿನ ಮೇಲಿನ ಹೆಸರು, ರಾಗ, ಕಂಪನಿಯ ಸಂಖ್ಯೆ, ಲೇಬಲ್ಲಿನ ಸುತ್ತ ಅರಗಿನಲ್ಲೇ ಒತ್ತಿರುವ ಅಚ್ಚಿನ ಸಂಖ್ಯೆ, ತಟ್ಟೆ ಮನೆಗೆ ಬಂದ ಬಗೆ. ಎರಡೂ ಬದಿಯ ಲೇಬಲ್ಲಿನ ಚಿತ್ರ ತೆಗೆದಿಡಬೇಕು. ಇತಿಹಾಸಕಾರರಿಗೆ ಹಾಡಿನಷ್ಟೇ ಬೆಲೆಬಾಳುವುದು ಈ ಅಂಕಿಗಳು. ವಿಕ್ರಮ್ ಸಂಪತ್ ಅವರು ಗೌಹರ್ ಜಾನ್ ಅವರ ಜೀವನ ಚರಿತ್ರೆಯನ್ನು ಬರೆದ ಮೇಲೆ ಸ್ಥಾಪಿಸಿದ ಆರ್ಕೈವ್ ಆಫ್ ಇಂಡಿಯನ್ ಮ್ಯೂಸಿಕ್ ಇಂಥ ತಟ್ಟೆಗಳನ್ನೇ ಒಂದೊಂದಾಗಿ ಅಂಕಿಗಳಿಗೆ ಇಳಿಸಿತು.

ಕಾನೂನಿನ ಮಾತು: ಭಾರತದ ಕೃತಿಸ್ವಾಮ್ಯ ಕಾಯಿದೆಯ ಪ್ರಕಾರ ಧ್ವನಿಮುದ್ರಿಕೆಯ ಹಕ್ಕು ಅದು ಪ್ರಕಟವಾದ ಮರುವರ್ಷದಿಂದ 60 ವರ್ಷ. 1930ರ ದಶಕದ ತಟ್ಟೆಗಳಿಗೆ ಆ ಅವಧಿ ಎಂದೋ ಮುಗಿದಿದೆ. ಆದರೆ ಹಾಡಿನ ಸಾಹಿತ್ಯಕ್ಕೆ, ಸ್ವರಸಂಯೋಜನೆಗೆ ಬೇರೆ ಹಕ್ಕಿದೆ. ಅದು ಕೃತಿಕಾರರು ತೀರಿಕೊಂಡ ನಂತರವೂ 60 ವರ್ಷ ಇರುತ್ತದೆ. ಇತ್ತೀಚಿನ ಮುದ್ರಿಕೆಗಳನ್ನು ಮನೆಯಲ್ಲಿ ಕೇಳುವುದು ಬೇರೆ, ಊರಿಗೆಲ್ಲ ಹಂಚುವುದು ಬೇರೆ.

ಹಾನಗಲ್, ಶಿಗ್ಗಾವಿ, ಸವಣೂರು, ಹಿರೇಕೆರೂರು ಕಡೆಯ ಶಾಲೆಗಳಲ್ಲಿ ವಿಜ್ಞಾನ ಪ್ರದರ್ಶನಕ್ಕೆ ಪ್ರತಿ ವರ್ಷ ಜ್ವಾಲಾಮುಖಿ, ಮಳೆನೀರು ಕೊಯ್ಲಿನ ಮಾದರಿಗಳು ಬರುತ್ತವೆ. ಅವುಗಳ ನಡುವೆ ಒಂದು ಟರ್ನ್‌ಟೇಬಲ್, ಒಂದು ಪ್ರೀಆಂಪ್, ಅಂಗಳದ ಆ ತುದಿಯಲ್ಲಿ ಒಂದು ಸ್ಪೀಕರ್ ಇಟ್ಟರೆ ಫ್ಯಾರಡೆಯ ನಿಯಮ, ಅಲೆಗಳ ಪಾಠ, ಅಂಕಿಗಳ ಲೆಕ್ಕ ಮೂರೂ ಒಂದೇ ಮೇಜಿನ ಮೇಲೆ ಬರುತ್ತವೆ. ಊರಿನ ಯಾವುದೋ ಮನೆಯಿಂದ ಬಂದ ತಟ್ಟೆಯೊಂದು ಅದರ ಮೇಲೆ ತಿರುಗಿದರೆ, ಉಳಿದ ಮನೆಗಳವರೂ ತಮ್ಮ ಅಟ್ಟ ಹತ್ತಿ ನೋಡುವರು. ಗುಜರಿಯವನು ಬರುವ ಮುಂಚೆ ಅಷ್ಟಾದರೆ ಸಾಕು.